ಮೊದಲ ಹತ್ತು ನಿಮಿಷ ಯಾರದು?

2006ರ ಜುಲೈ 11ರ ಸಂಜೆ ಮುಂಬೈನ ಪಶ್ಚಿಮ ರೈಲ್ವೆ ಮಾರ್ಗದಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬ್‌ಗಳು ಸಿಡಿದವು. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೊರಿವಲಿ, ಮೀರಾ ರೋಡ್. ಕಚೇರಿ ಮುಗಿಸಿ ಮನೆಗೆ ಹೊರಟವರಿಂದ ಕಿಕ್ಕಿರಿದಿದ್ದ ಲೋಕಲ್ ರೈಲುಗಳ ಪ್ರಥಮ ದರ್ಜೆ ಬೋಗಿಗಳನ್ನೇ ಆರಿಸಿ ಬಾಂಬ್ ಇಟ್ಟಿದ್ದರು. 180ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಮೊಬೈಲ್ ಜಾಲ ಕುಸಿಯಿತು. ಮುಂಬೈಗೆ ದುಡಿಯಲು ಮಕ್ಕಳನ್ನು ಕಳಿಸಿದ ಉಡುಪಿ, ಮಂಗಳೂರು ಸೀಮೆಯ ಮನೆಗಳಲ್ಲಿ ಆ ರಾತ್ರಿ ಟಿವಿ ಆರಿಸಿದವರಿಲ್ಲ, ಫೋನ್ ಬಿಟ್ಟು ಕದಲಿದವರಿಲ್ಲ.

ಕೆಲವು ರೈಲುಗಳು ಎರಡು ನಿಲ್ದಾಣಗಳ ನಡುವೆ ನಿಂತುಬಿಟ್ಟಿದ್ದವು. ಹಳಿಗಳ ಮೇಲೆ ಆಂಬುಲೆನ್ಸ್ ಬರಲಾರದು. ಬಂದವರು ಹಳಿ ಪಕ್ಕದ ಜೋಪಡಿಗಳ, ಚಾಳ್‌ಗಳ ಜನ. ಮನೆಯಲ್ಲಿದ್ದ ಬೆಡ್‌ಶೀಟು, ಸೀರೆ ಹಿಡಿದು ಓಡಿಬಂದರು. ಅದರಲ್ಲೇ ಗಾಯಾಳುಗಳನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ರಸ್ತೆಗೆ ತಂದರು. ಸಿಕ್ಕ ರಿಕ್ಷಾ, ಟ್ಯಾಕ್ಸಿ, ಟೆಂಪೋಗಳಿಗೆ ಹತ್ತಿಸಿದರು. ಕೆಲವೇ ತಾಸುಗಳಲ್ಲಿ ರೈಲುಗಳು ಮತ್ತೆ ಓಡತೊಡಗಿದವು. ಮರುದಿನ ಬೆಳಿಗ್ಗೆ ಅದೇ ಮಾರ್ಗದಲ್ಲಿ ಜನ ಕೆಲಸಕ್ಕೆ ಹೋದರು.

ಪತ್ರಿಕೆಗಳು ಇದನ್ನು 'ಮುಂಬೈ ಸ್ಪಿರಿಟ್' ಎಂದು ಕೊಂಡಾಡಿದವು. 1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ 257 ಜನ ಸತ್ತಾಗಲೂ ಇದೇ ಹೊಗಳಿಕೆ ಕೇಳಿಬಂದಿತ್ತು. ಶುಕ್ರವಾರ ಬಾಂಬ್ ಸಿಡಿದ ಷೇರು ವಿನಿಮಯ ಕೇಂದ್ರ ಸೋಮವಾರ ಬಾಗಿಲು ತೆರೆದಿತ್ತು. ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಮರುದಿನ ರೈಲು ಹತ್ತಿದವರಲ್ಲಿ ಬಹುಪಾಲು ಜನಕ್ಕೆ ಹತ್ತದೆ ಬೇರೆ ದಾರಿ ಇರಲಿಲ್ಲ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಗಳವು. ಅವರ ಧೈರ್ಯವನ್ನು ಕೊಂಡಾಡಿ ಅಲ್ಲಿಗೇ ಮಾತು ಮುಗಿಸಿದರೆ, ಅವರಿಗೆ ಸಲ್ಲಬೇಕಾದದ್ದು ಹಾಗೇ ಬಾಕಿ ಉಳಿಯುತ್ತದೆ.

ಭಯೋತ್ಪಾದನೆಗೆ ಸಮಾಜ ಸಿದ್ಧವಾಗುವುದು ಎಂದಾಗ ನಮ್ಮ ಕಣ್ಣಮುಂದೆ ಬರುವುದು ಕಪ್ಪು ಸಮವಸ್ತ್ರದ ಕಮಾಂಡೊ, ಶ್ವಾನದಳ, ಲೋಹಶೋಧಕ ಕಮಾನು. ಇವೆಲ್ಲ ಬೇಕು. ಆದರೆ ದಾಳಿಯ ಮೊದಲ ಹತ್ತು ನಿಮಿಷಗಳಲ್ಲಿ ಇವರು ಯಾರೂ ಅಲ್ಲಿರುವುದಿಲ್ಲ. ಅಲ್ಲಿರುವುದು ಅಲ್ಲಿ ದಿನವೂ ಕೆಲಸ ಮಾಡುವವರು, ದಾರಿಯಲ್ಲಿ ಹೋಗುತ್ತಿದ್ದವರು, ಅಕ್ಕಪಕ್ಕದ ಮನೆಯವರು. ಆ ಹತ್ತು ನಿಮಿಷ ಅವರದು. ಹಾಗೆಯೇ ದಾಳಿಯಾದ ಹತ್ತು ವರ್ಷಗಳ ನಂತರ ಗಾಯಾಳುವಿನ ಜೊತೆ ಉಳಿಯುವವರೂ ಕಮಾಂಡೊಗಳಲ್ಲ. ಈ ಎರಡು ತುದಿಗಳನ್ನು ನಾವು ಎಷ್ಟು ಗಟ್ಟಿ ಮಾಡಿಕೊಂಡಿದ್ದೇವೆ ಎಂಬುದೇ ನಿಜವಾದ ಸಿದ್ಧತೆಯ ಅಳತೆ ಎಂದು ನಾನು ನಂಬಿದ್ದೇನೆ.

2008ರ ನವೆಂಬರ್ 26ರ ರಾತ್ರಿ ಇದಕ್ಕೆ ಸಾಕ್ಷಿಯಾಯಿತು. ಕರಾಚಿಯಿಂದ ಸಮುದ್ರದ ದಾರಿಯಲ್ಲಿ ಬಂದ ಹತ್ತು ಜನ ಕೊಲಾಬಾದ ಮೀನುಗಾರರ ಕೇರಿಯ ಬಳಿ ದಡ ಹತ್ತಿ, ಜೋಡಿ ಜೋಡಿಯಾಗಿ ನಗರಕ್ಕೆ ನುಗ್ಗಿದರು. ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಇಬ್ಬರು ಬಂದೂಕುಧಾರಿಗಳು ದೂರದ ಊರಿನ ರೈಲಿಗೆ ಕಾದು ಕುಳಿತಿದ್ದವರ ಮೇಲೆ ಗುಂಡು ಹಾರಿಸುತ್ತಿದ್ದರು. ಲೋಕಲ್ ರೈಲುಗಳ ಪ್ರಕಟಣೆ ಹೇಳುವ ವಿಷ್ಣು ಝೆಂಡೆ ತಮ್ಮ ಕೋಣೆಯ ಗಾಜಿನಿಂದ ಅದನ್ನು ಕಂಡರು. ಓಡಿಹೋಗಬಹುದಿತ್ತು. ಅವರು ಮೈಕ್ ಮುಂದೆಯೇ ಕುಳಿತು, ಮುಂಬಾಗಿಲ ಕಡೆ ಬರಬೇಡಿ, ಹಿಂದಿನ ದಾರಿಯಿಂದ ಹೊರಗೆ ಹೋಗಿ ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಮತ್ತೆ ಮತ್ತೆ ಹೇಳಿದರು. ಅವರ ಕೋಣೆಯತ್ತಲೂ ಗುಂಡು ಹಾರಿತು. ರೈಲಿನಿಂದ ಇಳಿದು ನೇರ ಸಾವಿನ ಬಾಯಿಗೆ ನಡೆಯುತ್ತಿದ್ದ ನೂರಾರು ಜನ ಆ ದನಿಯನ್ನು ನಂಬಿ ತಿರುಗಿದರು. ದಿನವೂ ಕೇಳಿದ ದನಿ ಅದು. ಅದಕ್ಕೇ ನಂಬಿದರು.

ಅದೇ ಇಬ್ಬರು ಬಂದೂಕುಧಾರಿಗಳು ಅಲ್ಲಿಂದ ಕಾಮಾ ಆಸ್ಪತ್ರೆಗೆ ನುಗ್ಗಿದರು. ಹೆಂಗಸರ, ಮಕ್ಕಳ ಸರ್ಕಾರಿ ಆಸ್ಪತ್ರೆ ಅದು. ಹೆರಿಗೆಗೆ ಕಾದಿದ್ದ ಇಪ್ಪತ್ತು ಹೆಂಗಸರಿದ್ದ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದವರು ಸಿಸ್ಟರ್ ಅಂಜಲಿ ಕುಲ್ಥೆ. ಬಾಗಿಲು ಭದ್ರಪಡಿಸಿ, ದೀಪ ಆರಿಸಿ, ಅಷ್ಟೂ ಗರ್ಭಿಣಿಯರನ್ನು ವಾರ್ಡಿನ ಕೊನೆಯಲ್ಲಿದ್ದ ಚಿಕ್ಕ ಅಡುಗೆಕೋಣೆಗೆ ಸಾಗಿಸಿದರು. ಅವರಲ್ಲೊಬ್ಬಳಿಗೆ ಆ ಗದ್ದಲದಲ್ಲೇ ಹೆರಿಗೆ ನೋವು ಬಂತು. ವೈದ್ಯರು ವಾರ್ಡಿಗೆ ಬರುವ ಸ್ಥಿತಿಯಿರಲಿಲ್ಲ. ಸಿಸ್ಟರ್ ಅವಳನ್ನು ಗೋಡೆಗೆ ಒತ್ತಿಕೊಂಡೇ ನಡೆಸಿ ಹೆರಿಗೆ ಕೋಣೆಗೆ ಮುಟ್ಟಿಸಿದರು. ಮಗು ಹುಟ್ಟಿತು. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭೆಗೆ ಅವರು ಈ ರಾತ್ರಿಯನ್ನು ವಿವರಿಸಿದರು.

ಝೆಂಡೆ, ಕುಲ್ಥೆ ಇಬ್ಬರಿಗೂ ಭಯೋತ್ಪಾದನೆ ಎದುರಿಸುವ ತರಬೇತಿ ಯಾರೂ ಕೊಟ್ಟಿರಲಿಲ್ಲ. ಇದ್ದದ್ದು ತಮ್ಮ ಕೆಲಸದ ಮೇಲಿನ ಹಿಡಿತ, ತಮ್ಮ ಕಟ್ಟಡದ ಮೂಲೆಮೂಲೆಯ ಪರಿಚಯ, ತಮ್ಮ ವಶದಲ್ಲಿರುವ ಜನರ ಹೊಣೆ ತಮ್ಮದೆಂಬ ಭಾವ. ಹಾಗಾದರೆ ಅದೇ ಜಾಗದಲ್ಲಿ ಗುತ್ತಿಗೆಗೆ ಬಂದು ಮೂರೇ ತಿಂಗಳಾದ, ಹಿಂಬಾಗಿಲು ಎಲ್ಲಿದೆಯೆಂದೂ ತಿಳಿಯದ ಒಬ್ಬ ನೌಕರ ಇದ್ದಿದ್ದರೆ? ಇಂದು ನಮ್ಮ ಆಸ್ಪತ್ರೆಗಳಲ್ಲಿ, ನಿಲ್ದಾಣಗಳಲ್ಲಿ, ಮಾಲ್‌ಗಳಲ್ಲಿ ಬಾಗಿಲು ಕಾಯುವವರು, ವಾರ್ಡ್ ನೋಡಿಕೊಳ್ಳುವವರು ಹೆಚ್ಚಾಗಿ ಗುತ್ತಿಗೆಯವರೇ. ಅವರಿಗೆ ಖಾಯಂ ಕೆಲಸವಿಲ್ಲ, ಕಟ್ಟಡದ ನಕ್ಷೆ ತೋರಿಸುವವರಿಲ್ಲ. ಸುರಕ್ಷತೆಯ ಚರ್ಚೆಯಲ್ಲಿ ಈ ಮಾತು ಬರಲೇಬೇಕು.

2008ರ ಆ ದಾಳಿಯಲ್ಲಿ 166 ಜನ ಸತ್ತರು. ತಾಜ್ ಹೋಟೆಲಿನೊಳಗೆ ಗಾಯಗೊಂಡ ಸಹೋದ್ಯೋಗಿಯನ್ನು ಉಳಿಸಿ ತಾನು ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನ ಮನೆಮಗ. ಬರೀ ಲಾಠಿ ಹಿಡಿದು ದಾಳಿಕೋರ ಕಸಬ್‌ನ ಬಂದೂಕಿನ ನಳಿಗೆಗೆ ಜೋತುಬಿದ್ದವರು ಪೊಲೀಸ್ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬ್ಳೆ. ನಂತರ ಸರ್ಕಾರ ಎಚ್ಚೆತ್ತಿತು. ದೆಹಲಿ ಬಳಿಯ ಮಾನೇಸರ್‌ನಿಂದ ಹೊರಟ ಎನ್‌ಎಸ್‌ಜಿ ಪಡೆ ಮುಂಬೈ ತಲುಪುವಷ್ಟರಲ್ಲಿ ಬೆಳಗಾಗಿದ್ದರಿಂದ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಅದರ ಕೇಂದ್ರಗಳು ತೆರೆದವು. ರಾಷ್ಟ್ರೀಯ ತನಿಖಾ ಸಂಸ್ಥೆ ಹುಟ್ಟಿತು. ಕರಾವಳಿ ಕಾವಲು ಬಿಗಿಯಾಯಿತು, ಮೀನುಗಾರರಿಗೆ ಗುರುತಿನ ಚೀಟಿ ಬಂತು. ಕರ್ನಾಟಕ ತನ್ನದೇ ಗರುಡ ಪಡೆ ಕಟ್ಟಿತು. ಬಂದೂಕಿನ ಕಡೆಯ ಸಿದ್ಧತೆ ನಿಜಕ್ಕೂ ಸುಧಾರಿಸಿದೆ.

ಇನ್ನೊಂದು ಕಡೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬಾಂಬ್ ಸಿಡಿದಾಗ ಸ್ಥಳದಲ್ಲೇ ಸಾಯುವವರನ್ನು ಬಿಟ್ಟರೆ, ಉಳಿಸಬಹುದಾದವರನ್ನು ನಾವು ಕಳೆದುಕೊಳ್ಳುವುದು ಮುಖ್ಯವಾಗಿ ರಕ್ತಸ್ರಾವದಿಂದ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಆ ನಿಮಿಷಗಳಿಗೆ ಮುಟ್ಟದು. ಗಾಯದ ಮೇಲೆ ಬಟ್ಟೆಯಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಿಹಿಡಿಯುವುದು, ಕೈಕಾಲಿನ ಗಾಯವಾದರೆ ಅದರ ಮೇಲ್ಭಾಗದಲ್ಲಿ ಟೂರ್ನಿಕೆ ಎಂಬ ಬಿಗಿಪಟ್ಟಿ ಕಟ್ಟಿ ಕಟ್ಟಿದ ಹೊತ್ತನ್ನು ಬರೆದಿಡುವುದು. ಇಷ್ಟನ್ನು ಹೈಸ್ಕೂಲು ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲಳು.

ಆಮೇಲಿನ ಸಮಸ್ಯೆ ಆಸ್ಪತ್ರೆಯದು. ಇಂಥ ದುರಂತಗಳಲ್ಲಿ ಆಸ್ಪತ್ರೆಗೆ ಮೊದಲು ಮುಟ್ಟುವವರು ಹೆಚ್ಚಾಗಿ ಕಡಿಮೆ ಪೆಟ್ಟಾದವರು. ಅವರು ನಡೆಯಬಲ್ಲರು, ರಿಕ್ಷಾ ಹತ್ತಬಲ್ಲರು. ಹತ್ತಿರದ ಆಸ್ಪತ್ರೆಗೆ ಎಲ್ಲರೂ ಒಮ್ಮೆಲೇ ನುಗ್ಗುತ್ತಾರೆ. ನಿಜವಾಗಿ ಸಾವಿನಂಚಿನಲ್ಲಿರುವವರನ್ನು ಹೊತ್ತು ತರುವ ಹೊತ್ತಿಗೆ ಹಾಸಿಗೆಗಳು ತುಂಬಿರುತ್ತವೆ, ವೈದ್ಯರು ಚಿಕ್ಕ ಗಾಯಗಳಿಗೆ ಹೊಲಿಗೆ ಹಾಕುತ್ತಿರುತ್ತಾರೆ. ಅದಕ್ಕೇ ಬಾಗಿಲಲ್ಲೇ ಅನುಭವಿ ವೈದ್ಯರೊಬ್ಬರು ನಿಂತು ಕೆಂಪು, ಹಳದಿ, ಹಸಿರು ಪಟ್ಟಿ ಕಟ್ಟಿ ವಿಂಗಡಿಸಬೇಕು. ಯಾರನ್ನು ಮೊದಲು ಒಳಗೆ ಒಯ್ಯಬೇಕು, ಯಾರು ಕಾಯಬಹುದು, ಯಾರಿಗೆ ಇನ್ನು ಏನೂ ಮಾಡಲಾಗದು ಎಂದು ತೀರ್ಮಾನಿಸಬೇಕು. ಬಹಳ ಕಠಿಣ ಕೆಲಸ ಅದು. ಮೊದಲೇ ಅಭ್ಯಾಸವಿಲ್ಲದೆ ಆ ಗಳಿಗೆಯಲ್ಲಿ ಯಾರಿಂದಲೂ ಆಗದು.

ರಕ್ತದ ವಿಷಯವೂ ಹೀಗೆಯೇ. ದಾಳಿಯ ಸುದ್ದಿ ಕೇಳಿ ಜನ ರಕ್ತ ಕೊಡಲು ಸಾಲುಗಟ್ಟುತ್ತಾರೆ. ಆ ಮನಸ್ಸು ದೊಡ್ಡದು. ಆದರೆ ಆ ಹೊತ್ತಿಗೆ ಕೊಟ್ಟ ರಕ್ತವನ್ನು ಪರೀಕ್ಷಿಸಿ ಬಳಕೆಗೆ ತರಲು ಸಮಯ ಬೇಕು. ಆ ರಾತ್ರಿ ಜೀವ ಉಳಿಸುವುದು ಹಿಂದಿನ ವಾರವೇ ಯಾರೋ ಕೊಟ್ಟು ರಕ್ತನಿಧಿಯ ಕಪಾಟಿನಲ್ಲಿರುವ ರಕ್ತ. ಕೆಂಪು ರಕ್ತಕಣಗಳನ್ನು ಸುಮಾರು 35ರಿಂದ 42 ದಿನ ಇಡಬಹುದು, ಅಷ್ಟೇ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ನಂತರ ಉಕ್ಕಿಬಂದ ದಾನದ ರಕ್ತದಲ್ಲಿ ಬಹಳಷ್ಟನ್ನು ಅವಧಿ ಮೀರಿ ಚೆಲ್ಲಬೇಕಾಯಿತು. ವರ್ಷಕ್ಕೆ ಎರಡು ಮೂರು ಸಲ, ಯಾವ ದುರಂತವೂ ಇಲ್ಲದಾಗ, ಸುಮ್ಮನೆ ಹೋಗಿ ರಕ್ತ ಕೊಟ್ಟು ಬರುವವರು ಈ ದೇಶದ ಭದ್ರತೆಗೆ ದೊಡ್ಡ ಕೊಡುಗೆ ನೀಡುತ್ತಿದ್ದಾರೆ.

ಅಭ್ಯಾಸ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಊರುಗಳನ್ನು ನೋಡಬಹುದು. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನ ಗುರಿಗೆರೆಯ ಬಳಿ ಎರಡು ಬಾಂಬ್ ಸಿಡಿದವು. ಮೂವರು ಸತ್ತರು, 260ಕ್ಕೂ ಹೆಚ್ಚು ಜನ ಗಾಯಗೊಂಡರು, ಹಲವರು ಕಾಲು ಕಳೆದುಕೊಂಡರು. ಆದರೆ ಜೀವಂತ ಆಸ್ಪತ್ರೆ ಮುಟ್ಟಿದವರಲ್ಲಿ ಒಬ್ಬರೂ ಸಾಯಲಿಲ್ಲ. ದಣಿದು ಬೀಳುವ ಓಟಗಾರರಿಗೆಂದು ಹಾಕಿದ್ದ ವೈದ್ಯಕೀಯ ಡೇರೆ ಅಲ್ಲೇ ಇತ್ತು. ಪ್ರೇಕ್ಷಕರು ಬೆಲ್ಟು, ಅಂಗಿಗಳಿಂದ ಗಾಯ ಬಿಗಿದು ಕಟ್ಟಿದರು. ಪಾಳಿ ಬದಲಾಗುವ ಹೊತ್ತಾದ್ದರಿಂದ ಆಸ್ಪತ್ರೆಗಳಲ್ಲಿ ಇಮ್ಮಡಿ ಸಿಬ್ಬಂದಿಯಿದ್ದದ್ದು ಅದೃಷ್ಟ. ಆದರೆ ಪ್ರತಿ ವರ್ಷದ ಮ್ಯಾರಥಾನನ್ನೇ ಸಾಮೂಹಿಕ ದುರಂತದ ತಾಲೀಮಿನಂತೆ ಬಳಸಿಕೊಂಡದ್ದು ಅದೃಷ್ಟವಲ್ಲ, ಆ ಊರಿನ ಶ್ರಮ.

2017ರ ಮೇ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಛೇರಿ ಮುಗಿದು ಮಕ್ಕಳು ಹೊರಬರುತ್ತಿದ್ದಾಗ ಆತ್ಮಾಹುತಿ ದಾಳಿಯಲ್ಲಿ 22 ಜನ ಸತ್ತರು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಇಲಾಖೆಗಳು ಒಬ್ಬರ ಮಾತು ಒಬ್ಬರಿಗೆ ಮುಟ್ಟದೆ ಕಂಗೆಟ್ಟವು. ಅಗ್ನಿಶಾಮಕ ದಳ ಸ್ಥಳಕ್ಕೆ ಬಂದದ್ದು ಎರಡು ಗಂಟೆಗೂ ಮಿಕ್ಕಿ ತಡವಾಗಿ. ಮೊದಲ ನಲವತ್ತು ನಿಮಿಷಗಳ ಹೊತ್ತು ಸ್ಫೋಟದ ಕೋಣೆಯಲ್ಲಿದ್ದದ್ದು ಒಬ್ಬರೇ ತುರ್ತು ವೈದ್ಯಕೀಯ ಸಿಬ್ಬಂದಿ. ಸ್ಟ್ರೆಚರ್ ಇಲ್ಲದೆ ಗಾಯಾಳುಗಳನ್ನು ಜಾಹೀರಾತು ಫಲಕಗಳ ಮೇಲೆ, ತಡೆಗಂಬಿಗಳ ಮೇಲೆ ಹೊತ್ತರು.

ಆದರೆ ಇಂಗ್ಲೆಂಡ್ ನಂತರ ಮಾಡಿದ್ದನ್ನು ನಾವು ಗಮನಿಸಬೇಕು. ನಿವೃತ್ತ ನ್ಯಾಯಾಧೀಶ ಸರ್ ಜಾನ್ ಸಾಂಡರ್ಸ್ ನೇತೃತ್ವದ ಸಾರ್ವಜನಿಕ ವಿಚಾರಣೆ ಆ ರಾತ್ರಿಯನ್ನು ನಿಮಿಷ ನಿಮಿಷವಾಗಿ ಬಿಡಿಸಿತು. ಸರಿಯಾದ ಆರೈಕೆ ಸಿಕ್ಕಿದ್ದರೆ ಬಹುಶಃ ಬದುಕುತ್ತಿದ್ದವರು ಯಾರು ಎಂಬುದನ್ನೂ ಮುಚ್ಚಿಡದೆ ಬರೆಯಿತು. ಸತ್ತವರಲ್ಲಿ ಒಬ್ಬನ ತಾಯಿ ವರ್ಷಗಟ್ಟಲೆ ಹೋರಾಡಿದ್ದರಿಂದ 2025ರಲ್ಲಿ ಕಾನೂನೇ ಬಂತು: 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಹುದಾದ ಸಭಾಂಗಣ, ಹೋಟೆಲ್‌ಗಳಂಥ ಜಾಗಗಳು ದಾಳಿಯಾದರೆ ಏನು ಮಾಡಬೇಕೆಂಬ ಯೋಜನೆ ಇಟ್ಟುಕೊಳ್ಳಲೇಬೇಕು. ನಮ್ಮಲ್ಲಿ 26/11ರ ನಂತರ ರಾಮ್ ಪ್ರಧಾನ್ ಸಮಿತಿ ನೋಡಿದ್ದು ಮುಖ್ಯವಾಗಿ ಪೊಲೀಸ್ ವ್ಯವಸ್ಥೆಯನ್ನು. ಆ ರಾತ್ರಿ ಗಾಯಾಳುಗಳ ಪಾಡೇನಾಯಿತು, ಯಾರನ್ನು ಉಳಿಸಬಹುದಿತ್ತು ಎಂಬ ಪ್ರಶ್ನೆಗೂ ಅಷ್ಟೇ ಆಳದ, ಅಷ್ಟೇ ಬಹಿರಂಗದ ವಿಚಾರಣೆ ನಡೆಯಬೇಕಿತ್ತು.

ಭಯವನ್ನು ಹರಡುವುದು ದಾಳಿಕೋರನ ಗುರಿ. ಅದಕ್ಕೆ ಅವನಿಗೆ ಬೇಕಾಗಿರುವುದು ನಮ್ಮ ಕಣ್ಣು, ಕಿವಿ. 26/11ರ ಮೂರು ದಿನ ಟಿವಿ ವಾಹಿನಿಗಳು ಕಮಾಂಡೊಗಳು ಎಲ್ಲಿ ಇಳಿದರು, ಒತ್ತೆಯಾಳುಗಳು ಎಲ್ಲಿ ಅಡಗಿದ್ದಾರೆ ಎಂದೆಲ್ಲ ನೇರ ಪ್ರಸಾರ ಮಾಡಿದವು. ಗಡಿಯಾಚೆ ಕುಳಿತವರು ಅದನ್ನು ನೋಡುತ್ತ ಫೋನಿನಲ್ಲಿ ಕೊಲೆಗಾರರಿಗೆ ಸೂಚನೆ ಕೊಟ್ಟರು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಇಂಥ ಕಾರ್ಯಾಚರಣೆಯ ನೇರ ಪ್ರಸಾರಕ್ಕೆ ನಿಷೇಧ ಬಂತು. ಆದರೆ ಇಂದು ಪ್ರತಿಯೊಬ್ಬರ ಕೈಯಲ್ಲೂ ಒಂದು ವಾಹಿನಿಯಿದೆ.

ಬೆಂಗಳೂರು ಇದರ ರುಚಿಯನ್ನು ಒಂದೂ ಬಾಂಬ್ ಸಿಡಿಯದೆ ಕಂಡಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆಂಬ ಎಸ್‌ಎಂಎಸ್ ವದಂತಿ ಹಬ್ಬಿ, ಸಾವಿರಾರು ಯುವಕ ಯುವತಿಯರು ಕೆಲಸ, ಓದು ಬಿಟ್ಟು ಗುವಾಹಟಿ ರೈಲಿಗೆ ಮುಗಿಬಿದ್ದರು. ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಮಂತ್ರಿಗಳು, ಪೊಲೀಸ್ ಅಧಿಕಾರಿಗಳು ನಿಲ್ದಾಣದಲ್ಲಿ ನಿಂತು ಹೋಗಬೇಡಿ ಎಂದು ಬೇಡಿಕೊಂಡರೂ ಜನ ನಂಬಲಿಲ್ಲ. ವರ್ಷಗಟ್ಟಲೆ ನಮ್ಮ ನಡುವೆ ಬದುಕಿದವರಿಗೆ ಆಪತ್ತಿನಲ್ಲಿ ನಂಬಬಹುದಾದ ಒಬ್ಬ ನೆರೆಯವರನ್ನೂ ನಾವು ಕೊಟ್ಟಿರಲಿಲ್ಲ ಎಂಬುದು ನೋವಿನ ಸಂಗತಿ.

ದಾಳಿಯ ನಂತರ ಒಂದು ಸಮುದಾಯವನ್ನೇ ಅನುಮಾನದಿಂದ ನೋಡಿದರೆ ದಾಳಿಕೋರ ಬಯಸಿದ್ದು ಕೈಗೂಡುತ್ತದೆ. 2008ರಲ್ಲಿ ಮುಂಬೈನ ಜಾಮಾ ಮಸೀದಿ ಟ್ರಸ್ಟ್ ಸತ್ತ ಒಂಬತ್ತು ದಾಳಿಕೋರರ ಶವಗಳಿಗೆ ತನ್ನ ಖಬರಸ್ತಾನದಲ್ಲಿ ಜಾಗವಿಲ್ಲ ಎಂದು ಖಡಾಖಂಡಿತವಾಗಿ ಹೇಳಿತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಾಗ, ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು, ಕೊಲೆಗಾರರನ್ನು ತಡೆಯಹೋದ ಕಾಶ್ಮೀರಿ ಕುದುರೆ ಸವಾರನೂ ಇದ್ದ. ಗಾಯಗೊಂಡವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದವರು ಅಲ್ಲಿನ ಸ್ಥಳೀಯರೇ. ಮರುದಿನ ಕಾಶ್ಮೀರ ಕಣಿವೆ ತಾನಾಗಿ ಬಂದ್ ಆಚರಿಸಿತು.

ಇನ್ನು ಆ ಇನ್ನೊಂದು ತುದಿ, ಕ್ಯಾಮೆರಾಗಳು ಹೊರಟುಹೋದ ನಂತರದ್ದು. ಸ್ಫೋಟದ ಒತ್ತಡದ ಅಲೆ ಮೊದಲು ಹರಿಯುವುದು ಕಿವಿತಮಟೆಯನ್ನು. ಹೊರಗೆ ರಕ್ತ ಕಾಣದವರೂ ಕಿವುಡಾಗಿ, ತಲೆಯೊಳಗಿನ ಗುಂಯ್‌ಗುಡುವಿಕೆಯೊಂದಿಗೆ ವರ್ಷಗಟ್ಟಲೆ ಬದುಕುತ್ತಾರೆ. 2006ರ ರೈಲು ಸ್ಫೋಟದಲ್ಲಿ ಪ್ರಜ್ಞೆ ಕಳೆದುಕೊಂಡ ಒಬ್ಬರು ಕೊನೆಯುಸಿರೆಳೆದದ್ದು 2015ರಲ್ಲಿ. ಭಯೋತ್ಪಾದನೆಗೆ ಬಲಿಯಾದ ನಾಗರಿಕರ ಕುಟುಂಬಕ್ಕೆ ಕೇಂದ್ರದ ಯೋಜನೆಯಡಿ ಮೊದಲು ಮೂರು ಲಕ್ಷ ರೂಪಾಯಿ ಇತ್ತು, 2016ರಲ್ಲಿ ಐದು ಲಕ್ಷವಾಯಿತು. ಆ ಹಣ ಮೂರು ವರ್ಷ ಠೇವಣಿಯಲ್ಲಿ ಇರಬೇಕು, ಬಡ್ಡಿ ಕೈಗೆ ಬರುತ್ತದೆ. ದುಡಿಯುವ ಕೈ ಹೋದ ಮನೆಗೆ ಇದು ಎಷ್ಟು ದಿನಕ್ಕೆ? ಶಾಶ್ವತವಾಗಿ ಅಂಗವಿಕಲರಾದವರಿಗೆ ಜೀವನಪೂರ್ತಿ ಚಿಕಿತ್ಸೆ, ಶ್ರವಣಸಾಧನ, ಕೃತಕ ಕಾಲು, ಮಕ್ಕಳ ಓದು, ಇವೆಲ್ಲ ಹಕ್ಕಾಗಿ ಸಿಗಬೇಕು.

ಮನಸ್ಸಿನ ಗಾಯಕ್ಕೂ ಇದೇ ಮಾತು. ನಮ್ಮ ನಿಮ್ಹಾನ್ಸ್‌ನಲ್ಲಿ ವಿಪತ್ತಿನ ವೇಳೆ ಮನೋಸಾಮಾಜಿಕ ಬೆಂಬಲ ನೀಡುವುದಕ್ಕೆಂದೇ ಒಂದು ವಿಭಾಗವಿದೆ. ದುರಂತ ಕಂಡವರನ್ನು ತಕ್ಷಣ ಕೂರಿಸಿ ಎಲ್ಲವನ್ನೂ ಹೇಳಿಸುವುದು ಒಳ್ಳೆಯದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಬೇಕಾದದ್ದು ಸುರಕ್ಷಿತ ಜಾಗ, ನೀರು, ಮನೆಯವರ ಸುದ್ದಿ, ಪಕ್ಕದಲ್ಲಿ ಕೂರುವ ಒಬ್ಬರು. ಬಹುಪಾಲು ಜನ ಬಂಧುಬಳಗದ ಆಸರೆಯಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ, ಅವರನ್ನು ತಿಂಗಳುಗಳ ನಂತರವೂ ಹುಡುಕಿಕೊಂಡು ಹೋಗಿ ವಿಚಾರಿಸಬೇಕು.

ನ್ಯಾಯವೂ ಚಿಕಿತ್ಸೆಯ ಭಾಗವೇ. ರೈಲು ಸ್ಫೋಟದ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ 12 ಜನರನ್ನೂ ಬಾಂಬೆ ಹೈಕೋರ್ಟ್ 2025ರ ಜುಲೈ 21ರಂದು ಖುಲಾಸೆ ಮಾಡಿತು. ಆರೋಪ ಸಾಬೀತಾಗಿಲ್ಲ ಎಂದಿತು. ಅವರಲ್ಲೊಬ್ಬರು ಜೈಲಿನಲ್ಲೇ ಸತ್ತಿದ್ದರು. ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಹತ್ತೊಂಬತ್ತು ವರ್ಷಗಳ ನಂತರ ಮಗನನ್ನು ಕಳೆದುಕೊಂಡವರ ಕೈಯಲ್ಲಿ ಉತ್ತರವಿಲ್ಲ, ಯೌವನವನ್ನು ಜೈಲಿನಲ್ಲಿ ಕಳೆದವರ ಕೈಗೆ ಅದು ಮರಳಿ ಬರುವುದಿಲ್ಲ. ಸ್ಫೋಟದ ಸ್ಥಳದಲ್ಲಿ ಸಾಕ್ಷ್ಯವನ್ನು ಜೋಪಾನವಾಗಿ ಸಂಗ್ರಹಿಸುವುದು, ವಿಧಿವಿಜ್ಞಾನ ಪ್ರಯೋಗಾಲಯಗಳನ್ನು ಬಲಪಡಿಸುವುದು, ಬಲವಂತದ ತಪ್ಪೊಪ್ಪಿಗೆಗೆ ಜೋತುಬೀಳದ ತನಿಖೆ ನಡೆಸುವುದು, ಇವೂ ಭಯೋತ್ಪಾದನೆಗೆ ಸಿದ್ಧವಾಗುವ ಕೆಲಸಗಳೇ.

ನಮ್ಮ ಬೆಂಗಳೂರೂ ಪೆಟ್ಟು ತಿಂದ ಊರು. 2005ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೇಲಿನ ದಾಳಿ, 2008ರ ಸರಣಿ ಸ್ಫೋಟ, 2013ರಲ್ಲಿ ಮಲ್ಲೇಶ್ವರ, 2014ರಲ್ಲಿ ಚರ್ಚ್ ಸ್ಟ್ರೀಟ್, 2024ರ ಮಾರ್ಚ್ 1ರಂದು ಕುಂದಲಹಳ್ಳಿಯ ರಾಮೇಶ್ವರಂ ಕೆಫೆ. ಕೆಫೆಯ ಪ್ರಕರಣದಲ್ಲಿ ಸಿಸಿ ಕ್ಯಾಮೆರಾಗಳು ಶಂಕಿತನ ಜಾಡು ಹಿಡಿಯಲು ನೆರವಾದವು. ಜನ ಸೇರುವ ಕಡೆ ಕ್ಯಾಮೆರಾ ಇರಲೇಬೇಕೆಂದು 2017ರ ಕರ್ನಾಟಕದ ಕಾನೂನು ಹೇಳುತ್ತದೆ. ಆದರೆ ಕ್ಯಾಮೆರಾ ನೋಡುತ್ತದೆ, ರಕ್ತ ನಿಲ್ಲಿಸುವುದಿಲ್ಲ. 2023ರ ಡಿಸೆಂಬರ್ 1ರಂದು ನಗರದ 60ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಪೋಷಕರು ಗಾಬರಿಯಿಂದ ಶಾಲೆಗಳತ್ತ ಓಡಿದರು. ಮಕ್ಕಳನ್ನು ಎಲ್ಲಿ ಸೇರಿಸುತ್ತೀರಿ, ನಮಗೆ ಯಾರು, ಹೇಗೆ ತಿಳಿಸುತ್ತಾರೆ, ಯಾವ ಗೇಟಿಗೆ ಬರಬೇಕು ಎಂಬುದನ್ನು ಶಾಲೆ ಶುರುವಾದ ಜೂನ್‌ನಲ್ಲೇ ಪ್ರತಿ ಪೋಷಕರಿಗೂ ಹೇಳಿರಬೇಕು.

ಚಿನ್ನಸ್ವಾಮಿ ಕ್ರೀಡಾಂಗಣವನ್ನೇ ನೋಡಿ. 2010ರ ಏಪ್ರಿಲ್ 17ರಂದು ಅದರ ಹೊರಗೋಡೆಯ ಬಳಿ ಬಾಂಬ್ ಸಿಡಿದು ಜನ ಗಾಯಗೊಂಡರು, ಪಂದ್ಯ ತಡವಾಗಿ ನಡೆಯಿತು. ಆಮೇಲೆ ತಪಾಸಣೆ ಬಿಗಿಯಾಯಿತು. 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಗೇಟುಗಳ ಬಳಿ ವಿಜಯೋತ್ಸವದ ನೂಕುನುಗ್ಗಲಿಗೆ 11 ಜನ ಬಲಿಯಾದರು. ಅಲ್ಲಿ ಭಯೋತ್ಪಾದಕ ಇರಲಿಲ್ಲ. ಆದರೆ ಬೇಕಿದ್ದದ್ದು ಅದೇ ಸಿದ್ಧತೆ: ಜನಸಂದಣಿಯ ಅಂದಾಜು, ತೆರೆದ ಗೇಟುಗಳು, ನಂಬಬಹುದಾದ ಧ್ವನಿವರ್ಧಕದ ದನಿ, ಆಂಬುಲೆನ್ಸ್‌ಗೆ ಬಿಟ್ಟ ದಾರಿ, ಎಲ್ಲ ಇಲಾಖೆಗಳಿಗೂ ಒಬ್ಬರೇ ಆದೇಶ ಕೊಡುವವರು. ಬಾಂಬಿಗೂ ಬೆಂಕಿಗೂ ಕಾಲ್ತುಳಿತಕ್ಕೂ ಬೇಕಾಗುವ ಈ ವ್ಯವಸ್ಥೆ ಒಂದೇ.

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ಕರ್ನಾಟಕದಿಂದ ಬೆಂಗಳೂರು, ಕಾರವಾರ, ರಾಯಚೂರು ಪಟ್ಟಿಯಲ್ಲಿದ್ದವು. ಉಳಿದ ಜಿಲ್ಲೆಗಳಿಗೂ ಅದು ಬರಬೇಕು. ಹಗಲಲ್ಲಿ, ಅತಿಥಿಗಳ ಮುಂದೆ, ಸೈರನ್ ಮೊಳಗಿಸಿ ಮಾಡುವ ಪ್ರದರ್ಶನವಷ್ಟೇ ಸಾಲದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ, ಮೊದಲೇ ಹೇಳದೆ, ರಾತ್ರಿ ಪಾಳಿಯ ಕಡಿಮೆ ಸಿಬ್ಬಂದಿ ಇರುವಾಗಲೇ ಐವತ್ತು ಗಾಯಾಳುಗಳ ತಾಲೀಮು ನಡೆಯಲಿ. ಗುತ್ತಿಗೆಯ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಆಟೋ ನಿಲ್ದಾಣದ ಚಾಲಕರು ಅದರಲ್ಲಿ ಪಾಲ್ಗೊಳ್ಳಲಿ. ರಕ್ತನಿಧಿಯಲ್ಲಿ ಎಷ್ಟು ಬಾಟಲಿ ಇತ್ತು, ಶಸ್ತ್ರವೈದ್ಯರು ಬರಲು ಎಷ್ಟು ಹೊತ್ತಾಯಿತು, ಯಾವ ಬಾಗಿಲಿಗೆ ಬೀಗ ಬಿದ್ದಿತ್ತು ಎಂಬುದನ್ನೆಲ್ಲ ಬರೆದು, ಆ ವರದಿಯನ್ನು ಆಸ್ಪತ್ರೆಯ ಹೊರಗೋಡೆಗೆ ಊರವರು ಓದುವಂತೆ ಅಂಟಿಸಲಿ.